ಮುಚ್ಚದೆ ಬಿಟ್ಟ ಹೊಂಡ

ಆಸ್ಟ್ರೇಲಿಯದ ನಟ್ಟನಡುವೆ, ಕೆಂಪು ಮರಳಿನ ಸೀಮೆಯಲ್ಲಿ ಒಂದು ಹೊಳೆಯಿದೆ. ಏಳೆಂಟು ವರ್ಷಕ್ಕೊಮ್ಮೆ ಅದರಲ್ಲಿ ನೀರು ಹರಿಯುತ್ತದೆ. ಉಳಿದ ದಿನಗಳಲ್ಲಿ ಅದು ಹೊಳೆ ಎಂಬುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕು.

ಆ ಹೊಳೆಯ ದಂಡೆಯಲ್ಲಿ ಒಂದು ತಗಡಿನ ಶೆಡ್ಡು. ಅದರ ನೆರಳಲ್ಲಿ ಟಿಲ್ಲಿ ಎಂಬ ಮುದುಕಿ ನೆಲದ ಮೇಲೆ ಕ್ಯಾನ್‌ವಾಸ್ ಹಾಸಿಕೊಂಡು ಚಿತ್ರ ಬರೆಯುತ್ತಿದ್ದಳು. ಅವಳು ಅಲ್ಲಿನ ಮೂಲನಿವಾಸಿ. ಅವಳ ಚಿತ್ರಗಳೆಲ್ಲ ಚುಕ್ಕೆಗಳ ಚಿತ್ರಗಳು. ನಗರಗಳ ದೊಡ್ಡ ಗೋಡೆಗಳ ಮೇಲೆ ಅವು ತೂಗುತ್ತಿದ್ದವು. ಟಿಲ್ಲಿ ಆ ಗೋಡೆಗಳನ್ನು ನೋಡಿರಲಿಲ್ಲ, ನೋಡಬೇಕೆಂದು ಆಸೆಪಟ್ಟವಳೂ ಅಲ್ಲ.

ಅವಳಿಗೆ ಒಬ್ಬಳೇ ಶಿಷ್ಯೆ, ಅಣ್ಣನ ಮೊಮ್ಮಗಳು ಲೊರೇನ್. ವಯಸ್ಸು ಮೂವತ್ತಾರು. ಗೆರೆ ಎಳೆಯುವುದು, ಸುತ್ತು ಬರೆಯುವುದು ಅಜ್ಜಿಯ ಕೆಲಸ. ಕಡ್ಡಿಯ ತುದಿಯನ್ನು ಬಣ್ಣದಲ್ಲಿ ಅದ್ದಿ ಅದರ ಮೇಲೆಲ್ಲ ಚುಕ್ಕೆ ಇಡುವುದು ಮೊಮ್ಮಗಳ ಕೆಲಸ. ಎರಡು ವರ್ಷದಿಂದ ಇದೇ ವಿದ್ಯಾಭ್ಯಾಸ.

"ಅಜ್ಜಿ, ಇಷ್ಟೊಂದು ಚುಕ್ಕೆ ಯಾಕೆ?" ಎಂದು ಲೊರೇನ್ ಒಮ್ಮೆ ಕೇಳಿದ್ದಳು.

"ಕಡಿಮೆ ಇಟ್ಟು ನೋಡು, ಗೊತ್ತಾಗುತ್ತೆ," ಎಂದಿದ್ದಳು ಟಿಲ್ಲಿ.

ಗುರುಗಳು ಹೀಗೆ ಹೇಳಿದರೆ ಹಾಗೆ ಮಾಡಬಾರದೆಂದು ಅರ್ಥ. ಲೊರೇನ್ ಮಾಡಿದಳು.

ಟಿಲ್ಲಿ ಮೂರು ದಿನ ಆಸ್ಪತ್ರೆಗೆ ಹೋಗಿದ್ದಾಗ ಅವಳು ಒಬ್ಬಳೇ ಕೂತು ತಾತನ ನೆಲದ ಕಥೆಯನ್ನು ಬರೆದಳು. ನಡುವೆ ನೀರಿನ ಹೊಂಡ, ಸುತ್ತ ಅಲ್ಲಿಗೆ ನಡೆದು ಬಂದವರ ದಾರಿಗಳು. ಹೊಂಡದೊಳಗೆ ಒಂದು ಗುರುತು. ಅಜ್ಜಿ ಪ್ರತಿಸಲ ಬರೆಯುತ್ತಿದ್ದದ್ದು, ತಾನು ಪ್ರತಿಸಲ ಚುಕ್ಕೆಗಳಡಿ ಮುಚ್ಚುತ್ತಿದ್ದದ್ದು. ಅದೇನೆಂದು ಇಲ್ಲಿ ಹೇಳುವಂತಿಲ್ಲ.

ಉಳಿದ ಕಡೆಯೆಲ್ಲ ಚುಕ್ಕೆ ತುಂಬಿದಳು. ಗುರುತಿನ ಮೇಲೆ ಮಾತ್ರ ಇಡಲಿಲ್ಲ. ಹಾಗೆ ಬಿಟ್ಟರೇ ಚೆಂದ ಅನ್ನಿಸಿತು.

ಶೆಡ್ಡಿನ ಉಸ್ತುವಾರಿ ಮಾರ್ಟಿನ್‌ದು. ನಗರದಿಂದ ಬಂದವನು, ಒಳ್ಳೆಯವನು. ಚಿತ್ರ ನೋಡಿ ಕುಣಿದಾಡಿಬಿಟ್ಟ.

"ಟಿಲ್ಲಿ ಈ ಸಲ ಏನೋ ತೆರೆದಿಟ್ಟಿದ್ದಾಳೆ ಕಣ್ರೀ! ಆಸ್ಪತ್ರೆಗೆ ಹೋಗೋ ಮುಂಚೆ ಮುಗಿಸಿಟ್ಟು ಹೋದಳಾ?"

ತನ್ನ ಕೈಕೆಲಸವನ್ನು ಗುರುವಿನದೆಂದು ತಿಳಿದನಲ್ಲ ಎಂದು ಲೊರೇನ್‌ಗೆ ಮೈಯುಬ್ಬಿತು. ಅಲ್ಲ ಎನ್ನಲಿಲ್ಲ. ಮಾರ್ಟಿನ್ ಟಿಲ್ಲಿಯ ಹೆಸರಿನ ಚೀಟಿ ಅಂಟಿಸಿ, ಚಿತ್ರವನ್ನು ಗೋಡೆಗೆ ತೂಗುಹಾಕಿ, ಫೋಟೋ ತೆಗೆದು, ತನಗೆ ಗೊತ್ತಿದ್ದ ಎಲ್ಲರ ಫೋನಿಗೂ ಕಳಿಸಿದ. ಸಂತೋಷದ ಸುದ್ದಿ ಹಂಚುವುದರಲ್ಲಿ ಅವನ ಕೈ ದೊಡ್ಡದು.

ಮಾರನೆಯ ದಿನ ಶೆಡ್ಡಿನ ನಾಯಿಗಳು ಒಳಗೆ ಬರಲಿಲ್ಲ. ಅವು ದಿನವೂ ಒದ್ದೆ ಬಣ್ಣದ ಮೇಲೇ ಮಲಗುವ ನಾಯಿಗಳು. ಈಗ ಉರಿಬಿಸಿಲಲ್ಲಿ ನಿಂತು ಬಾಗಿಲನ್ನು ನೋಡುತ್ತಿದ್ದವು. ಸೆಖೆಯಿರಬೇಕು ಎಂದ ಮಾರ್ಟಿನ್.

ಆ ಮಧ್ಯಾಹ್ನ ಟಿಲ್ಲಿ ಬಂದಳು. ಒಳಗೆ ಒಂದು ಹೆಜ್ಜೆ ಇಟ್ಟವಳು ಗೋಡೆಯನ್ನು ನೋಡಿ, ಹಾಗೇ ಹಿಂದಕ್ಕೆ ಸರಿದು, ಚಿತ್ರಕ್ಕೆ ಬೆನ್ನು ಹಾಕಿ ಹೊಸ್ತಿಲ ಮೇಲೆ ಕೂತಳು.

"ಯಾರ್ ಯಾರು ನೋಡಿದ್ದಾರೆ?"

"ಎಲ್ಲರೂ, ಅಜ್ಜಿ." ಎಂದಳು ಲೊರೇನ್. "ಏನಾಯ್ತು?"

"ಹೊರಗಿನವರಿಗೆ ಚಿತ್ರ ಕೊಡೋಕೆ ಶುರು ಮಾಡಿದಾಗ ನಮ್ಮ ಹಿರಿಯರು ಒಂದು ಮಾತು ಆಡಿಕೊಂಡಿದ್ದರು. ಕಥೆ ಕೊಡೋಣ, ಒಳಗಿರೋದನ್ನ ಕೊಡೋದು ಬೇಡ. ಅದಕ್ಕೆ ಚುಕ್ಕೆ."

"ನಾನು ಅಂದಕ್ಕೆ ಅಂದುಕೊಂಡಿದ್ದೆ."

"ಬಾಗಿಲಿಗೂ ಅಂದದ ಬಣ್ಣ ಬಳೀತಾರೆ. ಹಾಗಂತ ಅದನ್ನ ತೆರೆದಿಟ್ಟು ಮಲಗ್ತಾರಾ?"

ದೂರದಲ್ಲಿ ಧೂಳೆದ್ದಿತ್ತು. ಆ ಸೀಮೆಯಲ್ಲಿ ಬರುವ ಕಾರು ಅರ್ಧ ಗಂಟೆ ಮೊದಲೇ ಕಾಣುತ್ತದೆ. ಹೆದರುವವರಿಗೆ ಸಾಕಷ್ಟು ಸಮಯ ಸಿಗುತ್ತದೆ.

"ಆಗ್ನೆಸ್," ಎಂದಳು ಟಿಲ್ಲಿ.

ಆ ಜನರಲ್ಲಿ ಒಂದು ಏರ್ಪಾಡಿದೆ. ಒಂದು ನೆಲದ ಕಥೆಯನ್ನು ತಂದೆಯ ಕಡೆಯಿಂದ ಪಡೆದವರು ಬರೆಯುತ್ತಾರೆ. ತಾಯಿಯ ಕಡೆಯಿಂದ ಪಡೆದವರು ಅದನ್ನು ಕಾಯುತ್ತಾರೆ. ಬರೆಯುವವರು ತಪ್ಪಿದರೆ ಕೇಳುವುದು ಕಾಯುವವರ ಕೆಲಸ. ಟಿಲ್ಲಿಯ ಅಕ್ಕನ ಮಗಳು ಆಗ್ನೆಸ್ ಆ ಹೊಂಡವನ್ನು ಕಾಯುವವಳು.

ಅವಳು ಹೇಗೆ ಕೇಳುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ನೆವಿಲ್ ಎಂಬವನು ತೋರಿಸಬಾರದ್ದನ್ನು ಬರೆದು ತೋರಿಸಿದ್ದ. ಈ ನೆಲದ ಮೇಲೆ ಇನ್ನು ಕಾಲಿಡಬೇಡ ಎಂದಳು ಆಗ್ನೆಸ್, ಅಷ್ಟೇ. ಈಗ ಅವನು ಪಟ್ಟಣದಲ್ಲಿ ಟೈರು ಬದಲಾಯಿಸುತ್ತಾನೆ. ಅವನ ಅಪ್ಪನನ್ನು ಮಣ್ಣು ಮಾಡಿದ ದಿನ ಬೇಲಿಯ ಗೇಟಿನ ಆಚೆ ನಿಂತು, ದೂರದಿಂದ ಸಲಿಕೆ ಏಳುವುದನ್ನೂ ಇಳಿಯುವುದನ್ನೂ ನೋಡಿ ಹೋದ.

ಲೊರೇನ್‌ಗೆ ಆ ಗೇಟು ಕಣ್ಣೆದುರು ಬಂತು. ಆಚೆ ತಾನು ನಿಂತಿದ್ದಳು.

"ಅಜ್ಜಿ, ಓಡಿಹೋಗಲಾ?"

"ಯಾವ ಕಡೆಗೆ?"

ಲೊರೇನ್ ನಾಲ್ಕೂ ದಿಕ್ಕು ನೋಡಿದಳು. ಎಲ್ಲ ಕಡೆಯೂ ಬಟಾಬಯಲು. ಓಡಿದರೆ ಅವಳ ಕಾಲಡಿಯೂ ಧೂಳೇಳುತ್ತಿತ್ತು.

"ಹಾಗಾದ್ರೆ ಈಗಲೇ ಮುಚ್ಚಿಬಿಡ್ತೀನಿ!"

ಒಳಗೆ ನುಗ್ಗಿ ಕಡ್ಡಿಯನ್ನು ಬಿಳಿ ಬಣ್ಣದಲ್ಲಿ ಅದ್ದಿದಳು. ಮೊದಲ ಚುಕ್ಕೆ ಗುರುತಿನ ಪಕ್ಕಕ್ಕೆ ಬಿದ್ದು, ಹನಿಯಾಗಿ ಕೆಳಗೆ ಜಾರಿತು.

ಟಿಲ್ಲಿ ತಿರುಗದೆಯೇ ಕೇಳಿದಳು: "ಯಾರಿಗೆ ಕಾಣಬಾರದು ಅಂತ ಮುಚ್ತಿದ್ದೀಯ?"

"ಆಗ್ನೆಸ್ ದೊಡ್ಡಮ್ಮನಿಗೆ."

"ಅಲ್ಲೇನಿದೆ ಅಂತ ಅವಳಿಗೆ ನೀನು ಹುಟ್ಟೋ ಮೊದಲೇ ಗೊತ್ತು."

ಲೊರೇನ್ ಕಡ್ಡಿ ಕೆಳಗಿಟ್ಟಳು. ಕಾರಿನ ಸದ್ದು ಕೇಳಿಸತೊಡಗಿತು.

"ಚೀಟಿಯಲ್ಲಿ ಯಾರ ಹೆಸರಿದೆ?" ಟಿಲ್ಲಿ ಕೇಳಿದಳು.

"ನಿಂದು. ಮಾರ್ಟಿನ್ ತಪ್ಪು ತಿಳಿದ. ನಾನು ಸುಮ್ಮನಿದ್ದೆ."

"ಈಗಲೂ ಸುಮ್ಮನಿರು. ನನ್ನನ್ನೇ ಕೇಳಲಿ. ಮುದುಕಿ, ಮರೆತಳು ಅಂದುಕೊಳ್ತಾರೆ."

ಲೊರೇನ್‌ಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಒಂದು ಗಳಿಗೆ ಹಾಯಾಗಿ ಉಸಿರಾಡಿದಳು. ಆಮೇಲೆ ಗೇಟು ಮತ್ತೆ ಕಣ್ಣೆದುರು ಬಂತು. ಈ ಸಲ ಆಚೆ ನಿಂತಿದ್ದವಳು ಎಪ್ಪತ್ನಾಲ್ಕು ವರ್ಷದ ಮುದುಕಿ.

ಕಾರು ನಿಂತಿತು. ಒಳಗೆ ಮೂವರು ಹೆಂಗಸರಿದ್ದರು. ಇಳಿದದ್ದು ಒಬ್ಬಳೇ. ಉಳಿದಿಬ್ಬರು ಗಾಜು ಇಳಿಸಲೂ ಇಲ್ಲ.

ಮಾರ್ಟಿನ್ ಚಹಾ ಹಿಡಿದು ಬಂದ. "ಬನ್ನಿ ಬನ್ನಿ ಆಗ್ನೆಸ್! ಫೋಟೋ ನೋಡಿ ಬಂದ್ರಾ?"

"ಹೌದು," ಎಂದಳು ಆಗ್ನೆಸ್. ಚಹಾ ಮುಟ್ಟಲಿಲ್ಲ.

ಒಳಗೆ ಹೋಗಿ ಚಿತ್ರದ ಮುಂದೆ ನಿಂತಳು. ತುಂಬಾ ಹೊತ್ತು ನಿಂತಳು. ಹೊರಬಂದು ಟಿಲ್ಲಿಯ ಎದುರು ಕುಕ್ಕರಗಾಲಲ್ಲಿ ಕೂತಳು.

"ಚಿಕ್ಕಮ್ಮ, ಇದು ನಿನ್ನ ಕೈಯಾ?"

ಟಿಲ್ಲಿ ಮರಳನ್ನು ನೋಡುತ್ತಿದ್ದಳು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಲೊರೇನ್‌ಗೆ ಸುಮ್ಮನಿರುವುದು ಸುಲಭವಿತ್ತು. ನಿನ್ನೆ ಒಮ್ಮೆ ಸುಮ್ಮನಿದ್ದು ಅಭ್ಯಾಸವೂ ಆಗಿತ್ತು.

"ನನ್ನ ಕೈ, ದೊಡ್ಡಮ್ಮ."

ಆಗ್ನೆಸ್ ನಿಧಾನವಾಗಿ ತಿರುಗಿದಳು.

"ಚೀಟಿ ಹಾಗನ್ನಲ್ಲವಲ್ಲ?"

"ಚೀಟೀದೂ ನನ್ನದೇ ತಪ್ಪು."

ಆಗ್ನೆಸ್ ಮಾರ್ಟಿನ್‌ನ ಕಡೆ ನೋಡಿದಳು. "ಅದನ್ನ ಇಳಿಸಿ, ಮುಖ ಗೋಡೆಗೆ ಮಾಡು. ಫೋಟೋ ಯಾರ್ಯಾರಿಗೆ ಕಳಿಸಿದೆ?"

"ಎಲ್ಲರಿಗೂ," ಎಂದ ಮಾರ್ಟಿನ್. ಈ ಸಲ ಅವನ ದನಿಯಲ್ಲಿ ಸಂತೋಷವಿರಲಿಲ್ಲ.

"ಎಲ್ಲರಿಗೂ ಫೋನ್ ಮಾಡು. ಅಳಿಸಿ ಅನ್ನು."

ಮಾರ್ಟಿನ್ ಫೋನ್ ಹಿಡಿದು, ಸಿಗ್ನಲ್ ಸಿಗುವ ದಿಬ್ಬದ ಮೇಲೆ ಹೋಗಿ ನಿಂತ. ಒಳ್ಳೆಯವನಾದ್ದರಿಂದ ಅವನಿಗೆ ಬಹಳ ಜನ ಪರಿಚಯವಿದ್ದರು.

"ನೆವಿಲ್ ಅವತ್ತು ಏನಂದ ಗೊತ್ತಾ?" ಆಗ್ನೆಸ್ ಲೊರೇನ್‌ಳನ್ನು ಕೇಳಿದಳು. "ಅದು ಬರೀ ಬಣ್ಣ, ಇದಕ್ಕೆಲ್ಲ ಯಾಕೆ ಗಾಬರಿ, ಅಂದ. ನೀನೇನಂತೀಯ?"

ಲೊರೇನ್ ಕ್ಷಮೆ ಕೇಳಲಿಲ್ಲ, ಸಮಜಾಯಿಷಿಯೂ ಕೊಡಲಿಲ್ಲ.

"ಭಯ ಆಗ್ತಿದೆ, ದೊಡ್ಡಮ್ಮ."

"ನನ್ನ ಭಯಾನಾ?"

"ಮೊದಲು ನಿನ್ನ ಭಯ ಇತ್ತು." ಲೊರೇನ್ ಶೆಡ್ಡಿನ ಒಳಕ್ಕೆ ನೋಡಿದಳು. ಚಿತ್ರ ಬೆನ್ನು ತೋರಿಸಿ ನಿಂತಿತ್ತು. "ಈಗ ಅದರದ್ದು."

ಆಗ್ನೆಸ್ ಚಿಕ್ಕಮ್ಮನ ಮುಖ ನೋಡಿದಳು. ಆಗ್ನೆಸ್ ಒಂದು ಬಣ್ಣದ ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

"ತಗೊಂಡು ಬಾ. ಮುಚ್ಚು. ನಾನು ನೋಡ್ತಿರ್ತೀನಿ."

ಕ್ಯಾನ್‌ವಾಸನ್ನು ನೆಲಕ್ಕೆ ಹಾಸಿದರು. ಲೊರೇನ್ ಚುಕ್ಕೆ ಇಡತೊಡಗಿದಳು. ಎರಡು ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಇಟ್ಟಿದ್ದಳು. ಹೆಚ್ಚಿನವನ್ನು ಊಟದ ಬಗ್ಗೆ ಯೋಚಿಸುತ್ತಲೇ ಇಟ್ಟಿದ್ದಳು. ಈಗ ಒಂದೊಂದಕ್ಕೂ ಉಸಿರು ಬಿಗಿಹಿಡಿಯಬೇಕಾಯಿತು. ತಾನು ಮುಚ್ಚುತ್ತಿರುವುದು ಅಡಿಯಿಂದ ತನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು.

"ಅಲ್ಲಿ," ಎನ್ನುತ್ತಿದ್ದಳು ಆಗ್ನೆಸ್ ಆಗೀಗ. "ಅಲ್ಲಿ ಇನ್ನೂ ಕಾಣ್ತಿದೆ."

ಬಿಸಿಲು ಇಳಿಯುವ ಹೊತ್ತಿಗೆ ಗುರುತು ಕಾಣದಾಯಿತು. ಆಗ್ನೆಸ್ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಳು.

"ಇದು ಎಲ್ಲಿಗೂ ಹೋಗೋದು ಬೇಡ, ಇಲ್ಲೇ ಇರಲಿ. ಹೊಂಡದಲ್ಲಿ ನೀರು ನಿಂತಾಗ ನೀನೂ ಬಾ. ನನ್ನ ಹಿಂದೆ ನಡಿ, ಮುಂದೆ ಬೇಡ."

ಕಾರು ಹೊರಟಿತು. ಅದರ ಧೂಳು ಪೂರ್ತಿ ಇಳಿಯುವವರೆಗೂ ಲೊರೇನ್ ನಿಂತೇ ಇದ್ದಳು. ಆಮೇಲೆ ಬಂದು ಅಜ್ಜಿಯ ಪಕ್ಕ ಕೂತಳು. ಟಿಲ್ಲಿ ಕಡ್ಡಿಗಳನ್ನು ಒಂದೊಂದಾಗಿ ನೀರಿನಲ್ಲಿ ತೊಳೆಯುತ್ತಿದ್ದಳು.

"ಅಜ್ಜಿ, ಎಲ್ಲಾ ಮುಚ್ಚಿದ್ದೀನಿ. ದೊಡ್ಡಮ್ಮನೂ ಬಾ ಅಂದಳು. ಆದರೂ ಈ ಭಯ ಹೋಗ್ತಾ ಇಲ್ಲ."

ಟಿಲ್ಲಿ ಕೊನೆಯ ಕಡ್ಡಿಯನ್ನು ಸೆರಗಿಲ್ಲದ ತನ್ನ ಗೌನಿಗೆ ಒರೆಸಿದಳು.

"ಆ ಭಯದ ಮೇಲೆ ಚುಕ್ಕೆ ಇಡಬೇಡ."