ದಾರ ಕಟ್ಟಿದ ಹೂವು

ಗುರವ್ವನ ಮನೆಯ ಮುಂದೆ ಮೂರು ಮಾರು ಉದ್ದದ ಮಣ್ಣಿನ ಪಟ್ಟಿ ಇತ್ತು. ಅದರಲ್ಲಿ ಅವಳು ಕೊತ್ತಂಬರಿ ಹಾಕಲಿಲ್ಲ, ಮೆಣಸಿನ ಗಿಡ ನೆಡಲಿಲ್ಲ. ವರ್ಷಕ್ಕೊಮ್ಮೆ ಚೆಂಡು ಹೂ, ಅಷ್ಟೆ. ನಾಗರ ಪಂಚಮಿ ಹಬ್ಬದ ಮರುದಿನ ಮಣ್ಣು ಕೆದರಿ ಬೀಜ ಚೆಲ್ಲುತ್ತಿದ್ದಳು. ಮೇಲೆ ಜರಡಿ ಹಿಡಿದ ಗೊಬ್ಬರವನ್ನು ತೆಳ್ಳಗೆ ಉದುರಿಸಿ, ಕೈಯಿಂದ ನೀರು ಚಿಮುಕಿಸುತ್ತಿದ್ದಳು. ಸಸಿ ಗೇಣುದ್ದ ಆದಾಗ ಕುಡಿ ಚಿವುಟುತ್ತಿದ್ದಳು. ದೀಪಾವಳಿ ಬರುವಷ್ಟರಲ್ಲಿ ಪಟ್ಟಿಯ ತುಂಬ ಹೂವು. ಒಂದೊಂದು ಹೂವೂ ಅಂಗೈ ತುಂಬುವಷ್ಟು ದಪ್ಪ.

ಅವಳದೊಂದು ಕಟ್ಟಳೆ ಇತ್ತು. ಹೂವು ಅರಳಲು ಶುರುವಾದ ಕೂಡಲೇ ಗಿಡಗಿಡವನ್ನೂ ನೋಡಿ, ಎಲ್ಲಕ್ಕಿಂತ ಒಳ್ಳೆಯ ಗಿಡ ಯಾವುದೆಂದು ಗೊತ್ತುಮಾಡುತ್ತಿದ್ದಳು. ಆ ಗಿಡದ ಅತಿ ದೊಡ್ಡ ಹೂವಿನ ತೊಟ್ಟಿಗೆ ಕೆಂಪು ದಾರ ಕಟ್ಟುತ್ತಿದ್ದಳು. ಆಮೇಲೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ದೇವರಿಗೂ ಇಲ್ಲ, ಮುಡಿಗೂ ಇಲ್ಲ. ಅದು ಗಿಡದಲ್ಲೇ ಒಣಗಿ ತೊಟ್ಟು ಕಂದಾದ ಮೇಲೆ ಮುರಿದು ತಂದು, ಬೀಜ ಬಿಡಿಸಿ, ಅರಿವೆಯಲ್ಲಿ ಗಂಟು ಕಟ್ಟಿ, ಬೂದಿ ತುಂಬಿದ ಮಣ್ಣಿನ ಮಗೆಯಲ್ಲಿ ಹುಗಿದಿಡುತ್ತಿದ್ದಳು.

ಇಷ್ಟೆಲ್ಲ ಯಾಕೆ ಎಂದರೆ, ಗುರವ್ವನಿಗೆ ಚಂಪಾ ಅಂತ ಒಬ್ಬ ಮಗಳಿದ್ದಳು. ಎಂಟು ವರ್ಷದವಳಿದ್ದಾಗ ಎಲ್ಲಿಂದಲೋ ಒಂದು ಒಣ ಹೂವು ತಂದು ಮನೆ ಮುಂದೆ ಹಿಸುಕಿ ಚೆಲ್ಲಿ, "ಅವ್ವಾ, ಇದು ನನ್ನ ತ್ವಾಟ" ಅಂದಿದ್ದಳು. ಬೀಜ ಮೊಳೆತವು, ಮೊಗ್ಗೂ ಬಂದವು. ಹೂವು ಅರಳುವುದರೊಳಗೆ ಹುಡುಗಿ ಜ್ವರ ಬಂದು ತೀರಿಕೊಂಡಳು. ಆ ಮಗುವಿನ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ತಾಯಿಯ ಹತ್ತಿರ ಉಳಿದದ್ದು ಈ ಹೂವಿನ ತಳಿ ಒಂದೇ. ನಲವತ್ತು ವರ್ಷ ಅವಳು ಅದನ್ನು ಕೆಡದಂತೆ ಕಾಪಾಡಿಕೊಂಡು ಬಂದಿದ್ದಳು.

ಮುಪ್ಪಿನಲ್ಲಿ ಗುರವ್ವನ ಕಣ್ಣು ಹೋದವು. ನರ ಒಣಗಿವೆ, ಇನ್ನು ಮಾಡುವುದೇನೂ ಇಲ್ಲ ಎಂದರು ಡಾಕ್ಟರು. ಆಗ ಅವಳು ಸೊಸೆ ದಾಕ್ಷಾಯಿಣಿಯನ್ನು ಕರೆದು ದಾರದ ಉಂಡೆಯನ್ನು ಅವಳ ಕೈಗೆ ಕೊಟ್ಟಳು.

"ತಂಗಿ, ಇನ್ನ ಮ್ಯಾಲೆ ದಾರ ನೀನ ಕಟ್ಟಬೇಕು. ಛಲೋ ಗಿಡ ನೋಡಿ, ದೊಡ್ಡ ಹೂವಿಗೆ."

"ಆತ್ರಿ ಅತ್ತಿ, ನಾ ಕಟ್ತೀನಿ" ಎಂದಳು ದಾಕ್ಷಾಯಿಣಿ.

ದಾಕ್ಷಾಯಿಣಿ ಕೆಟ್ಟವಳೆಂದು ಈಗಲೇ ತೀರ್ಮಾನಿಸಬೇಡಿ ಮಕ್ಕಳೇ. ಅತ್ತೆಗೆ ಬಿಸಿನೀರು ಕಾಸಿ ಕೊಡುತ್ತಿದ್ದಳು, ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನಿಸುತ್ತಿದ್ದಳು. ಅವಳಿಗಿದ್ದದ್ದು ಒಂದೇ ಆಸೆ. ದೀಪಾವಳಿಯ ದಿನ ತಮ್ಮ ಬಾಗಿಲ ಮಾಲೆಯನ್ನು ಓಣಿಯವರೆಲ್ಲ ನಿಂತು ನೋಡಬೇಕು. ಇಂಥ ಆಸೆ ಯಾರಿಗಿಲ್ಲ ಹೇಳಿ? ನನಗೂ ಇದೆ.

ಆ ವರ್ಷ ಅವಳು ಹೇಳಿದಂತೆಯೇ ದಾರ ಕಟ್ಟಿದಳು. ಹಬ್ಬದ ಬೆಳಗ್ಗೆ ಕಟ್ಟೆಯ ಮೇಲೆ ಕೂತು ಮಾಲೆ ಪೋಣಿಸುತ್ತಿದ್ದಾಗ ಎದುರು ಮನೆಯ ಶಾಂತಕ್ಕ ಬಂದು ನಿಂತಳು.

"ಅಲ್ಲ ದಾಕ್ಷಾಯಿಣಿ, ಎಲ್ಲಕ್ಕಿಂತ ದೊಡ್ಡ ಹೂವು ಗಿಡದಾಗ ಒಣಗಲಿ ಅಂತ ಬಿಟ್ಟೀಯಲ್ಲ! ಮಾಲಿ ನಡುವ ಅದನ್ನ ಇಟ್ಟರ ಎಷ್ಟ್ ಛಂದ ಕಾಣಸ್ತೈತಿ."

"ಅದು ಬೀಜಕ್ಕ ಬಿಟ್ಟದ್ದು ಅಕ್ಕಾ."

"ಬೀಜಕ್ಕ ಅಲ್ಲೆ ಗ್ವಾಡಿ ಬಾಜೂಕ ಸಣ್ಣವು ಇಲ್ಲೇನು? ಎಲ್ಲಾ ಒಂದ ಮಗೀ ಬೀಜಾನ ಹೌದಲ್ಲೋ?"

ದಾಕ್ಷಾಯಿಣಿಗೆ ಮಾತು ಸರಿ ಅನ್ನಿಸಿತು. ಎದ್ದು ಹೋಗಿ ದಾರ ಬಿಚ್ಚಿ ಆ ಹೂವನ್ನು ಕಿತ್ತಳು. ಗೋಡೆಯ ನೆರಳಿಗೆ ತಡವಾಗಿ ಎದ್ದ ಒಂದು ಗಿಡವಿತ್ತು. ಅದರ ಹೂವು ಚಿಕ್ಕದೆಂದು ಯಾರೂ ಕಿತ್ತಿರಲಿಲ್ಲ. ದಾರವನ್ನು ಅದಕ್ಕೆ ಕಟ್ಟಿದಳು.

ಒಳಗಿನಿಂದ ಗುರವ್ವ ಕೇಳಿದಳು: "ದಾರ ಕಟ್ಟಿದೇನವ್ವಾ?"

"ಕಟ್ಟೀನ್ರಿ ಅತ್ತಿ."

ಸುಳ್ಳೇನಲ್ಲ, ದಾರವನ್ನಂತೂ ಕಟ್ಟಿದ್ದಳು. ಆ ದಿನ ಓಣಿಯ ಹೆಂಗಸರೆಲ್ಲ ಆ ಬಾಗಿಲ ಮುಂದೆ ನಿಂತು ಹೋದರು. ಗುರವ್ವ ಗೋಡೆಗೆ ಒರಗಿ ಕೂತು ಅವರ ಮಾತು ಕೇಳಿ ಹಿಗ್ಗಿದಳು. ಮಗಳ ಹೂವನ್ನು ಹೊಗಳುತ್ತಿದ್ದಾರಲ್ಲ ಎಂದು ಅವಳಿಗೆ ಸಂತೋಷ.

ಮರುವರ್ಷ ಹೂವು ಒಂದಿಷ್ಟು ಸಣ್ಣವಾದವು. ಯಾರ ಲಕ್ಷ್ಯಕ್ಕೂ ಬರಲಿಲ್ಲ. ಆ ವರ್ಷವೂ ಇದ್ದುದರಲ್ಲಿ ದೊಡ್ಡದು ಬಾಗಿಲಿಗೆ ಹೋಯಿತು, ಯಾರಿಗೂ ಬೇಡವಾದದ್ದಕ್ಕೆ ದಾರ ಬಿತ್ತು. ಅದರ ಮುಂದಿನ ವರ್ಷವೂ ಹಾಗೆಯೇ. ನಾಲ್ಕನೆಯ ವರ್ಷ ದಾಕ್ಷಾಯಿಣಿ ಮಣ್ಣಿನಲ್ಲಿ ಸತ್ವವಿಲ್ಲ ಎಂದುಕೊಂಡು ಎರಡು ಬುಟ್ಟಿ ಗೊಬ್ಬರ ಸುರಿದಳು. ಗಿಡವೇನೋ ಎದೆಮಟ್ಟ ಬೆಳೆಯಿತು, ಹೂವು ಮಾತ್ರ ದಪ್ಪವಾಗಲಿಲ್ಲ. ಪ್ರತಿ ವರ್ಷವೂ ಒಳಗಿನಿಂದ ಅದೇ ಪ್ರಶ್ನೆ ಬರುತ್ತಿತ್ತು, ಹೊರಗಿನಿಂದ ಅದೇ ಉತ್ತರ ಹೋಗುತ್ತಿತ್ತು.

ಏಳನೆಯ ವರ್ಷಕ್ಕೆ ಹೂವು ಬಾಟಲಿಯ ಮುಚ್ಚಳದಷ್ಟಾಗಿತ್ತು. ಸುತ್ತ ಒಂದೇ ಸಾಲು ಎಸಳು, ನಡುವೆ ಬರೀ ಹಳದಿ ಬೊಟ್ಟು. ಇಂಥ ಹೂವಿನ ಮಾಲೆ ಕಟ್ಟಿದರೆ ನಗುತ್ತಾರೆಂದು ದಾಕ್ಷಾಯಿಣಿ ಸಂತೆಯಿಂದ ಒಂದು ಬುಟ್ಟಿ ದೊಡ್ಡ ಚೆಂಡು ಹೂ ತಂದು ಬಾಗಿಲಿಗೆ ಕಟ್ಟಿದಳು.

ಆ ಹಬ್ಬದ ಹೊತ್ತಿಗೆ ಗುರವ್ವ ಹಾಸಿಗೆ ಹಿಡಿದಿದ್ದಳು. ಪಾಡ್ಯದ ದಿನ ಸೊಸೆಯನ್ನು ಹತ್ತಿರ ಕರೆದಳು.

"ಇಷ್ಟ್ ವರ್ಷ ದಾರ ಕಟ್ಟಿದ ಹೂವು ಕೀಳಬ್ಯಾಡ ಅಂತ ನಾನ ಹೇಳ್ಕೋತ ಬಂದೆ. ಈ ಸಲ ಕಿತ್ತು ತಂದು ನನ್ನ ಕೈಯಾಗ ಇಡವ್ವ. ಮುಂದಿನ ಹಬ್ಬಕ್ಕ ನಾ ಇರೂದಿಲ್ಲ. ಒಮ್ಮೆ ಮುಟ್ಟಿ ನೋಡ್ತೀನಿ."

ದಾಕ್ಷಾಯಿಣಿ ಹೊರಗೆ ಬಂದು ನಿಂತಳು. ಗೋಡೆಯ ನೆರಳಿನಲ್ಲಿ ದಾರ ಕಟ್ಟಿದ ಪುಟ್ಟ ಹೂವಿತ್ತು, ಕಟ್ಟೆಯ ಮೇಲೆ ಸಂತೆಯ ಬುಟ್ಟಿಯಿತ್ತು. ಅವಳು ಬುಟ್ಟಿಗೆ ಕೈ ಹಾಕಿದಳು. ಮುದುಕಿ ಸಂತೋಷದಿಂದ ಹೋಗಲಿ ಎಂದು ಮನಸ್ಸಿಗೆ ಹೇಳಿಕೊಂಡಳು.

ಹೂವು ಗುರವ್ವನ ಅಂಗೈ ತುಂಬಿತು. ಅವಳ ಮುಖ ಅರಳಿತು. ಆಮೇಲೆ ಬೆರಳುಗಳು ಮೆಲ್ಲಗೆ ಹೂವಿನ ಬುಡ ಸವರಿದವು, ಮತ್ತೊಮ್ಮೆ ಸವರಿದವು. ಸಂತೆಯ ಹೂವನ್ನು ತೊಟ್ಟು ಬಿಟ್ಟು ಕಿತ್ತಿರುತ್ತಾರೆ, ಅದಕ್ಕೆ ದಾರ ಎಲ್ಲಿಂದ ಬರಬೇಕು?

"ದಾರ ಎಲ್ಲೈತಿ?"

"ಕೀಳಬೇಕಾದ್ರ ಉದುರಿರಬೇಕ್ರಿ ಅತ್ತಿ."

"ದಾರ ಕಟ್ಟಿದ್ದನ್ನ ತಾರವ್ವ" ಎಂದಳು ಗುರವ್ವ. ದನಿಯಲ್ಲಿ ಸಿಟ್ಟಿರಲಿಲ್ಲ.

ಈ ಸಲ ದಾಕ್ಷಾಯಿಣಿ ಗೋಡೆಯ ಬಳಿಗೆ ಹೋದಳು. ದಾರದ ಸಮೇತ ಆ ಹೂವನ್ನು ಕಿತ್ತು ತಂದು ಅತ್ತೆಯ ಕೈಯಲ್ಲಿಟ್ಟಳು. ಗುರವ್ವ ಮೊದಲು ದಾರ ಮುಟ್ಟಿ ನೋಡಿದಳು. ಗಂಟು ಸರಿಯಾಗಿತ್ತು. ಆಮೇಲೆ ಹೆಬ್ಬೆರಳನ್ನು ಹೂವಿನ ಸುತ್ತ ಒಮ್ಮೆ ಆಡಿಸಿದಳು.

"ನನ್ನ ಕೈ ದೊಡ್ಡದಾತೇನವ್ವಾ?"

ದಾಕ್ಷಾಯಿಣಿಗೆ ತಡೆಯಲಾಗಲಿಲ್ಲ. ಹಾಸಿಗೆಯ ಅಂಚು ಹಿಡಿದುಕೊಂಡು ಅಳುತ್ತ ಏಳು ವರ್ಷದ್ದನ್ನೂ ಹೇಳಿಬಿಟ್ಟಳು. ಗುರವ್ವ ಪೂರ್ತಿ ಕೇಳಿದಳು. ಬೈದಿದ್ದರೆ ಸೊಸೆಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಒಂದೇ ಮಾತು ಹೇಳಿದಳು.

"ಅಂದ್ರ ಚಂಪಿ ಎರಡನೇ ಸಲ ಹ್ವಾದ್ಲು."

ಎಂಟು ದಿನ ಕಳೆದು ಗುರವ್ವ ತೀರಿಕೊಂಡಳು. ಬಂದವರೆಲ್ಲ ದೊಡ್ಡ ದೊಡ್ಡ ಹೂವಿನ ಹಾರ ತಂದಿದ್ದರು. ಅದರಲ್ಲಿ ಒಂದು ಎಸಳೂ ಅವಳ ಅಂಗಳದ್ದಲ್ಲ.

ಆಮೇಲೆ ದಾಕ್ಷಾಯಿಣಿ ಸುಮ್ಮನೆ ಕೂರಲಿಲ್ಲ. ಪಟ್ಟಿಯಲ್ಲಿ ಉಳಿದ ಸಣ್ಣ ಹೂವುಗಳಲ್ಲೇ ಚೂರು ದಪ್ಪನೆಯದನ್ನು ಹುಡುಕಿ ದಾರ ಕಟ್ಟಿದಳು. ಅದರ ಬೀಜವನ್ನು ಪಂಚಮಿಯ ಮರುದಿನ ಊರಿದಳು. ಹುಟ್ಟಿದವುಗಳಲ್ಲಿ ಒಳ್ಳೆಯದನ್ನು ಮತ್ತೆ ಬೀಜಕ್ಕೆ ಬಿಟ್ಟಳು. ಎದುರು ಮನೆಯ ಶಾಂತಕ್ಕ ಏನೇನೋ ಹೇಳಿದಳು, ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹೀಗೆ ಹನ್ನೊಂದು ವರ್ಷ ನಡೆದಿದೆ. ಕೆಲವು ವರ್ಷ ಹೂವು ನಿಂಬೆಹಣ್ಣಿನಷ್ಟಾಗುತ್ತದೆ, ಕೆಲವು ವರ್ಷ ಅದೂ ಇಲ್ಲ.

ಪ್ರತಿ ದೀಪಾವಳಿಗೂ ಅವಳು ದಾರ ಕಟ್ಟಿದ ಹೂವಿನ ಕೆಳಗೆ ಅಂಗೈ ಹಿಡಿದು ನೋಡುತ್ತಾಳೆ. ಅದು ಇನ್ನೂ ತುಂಬಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಬಂದು ಮಾಲೆ ಪೋಣಿಸಲು ಕೂರುತ್ತಾಳೆ.

ನೀತಿ: ನಾಳೆಗೆಂದು ಏನಾದರೂ ತೆಗೆದಿಡುವುದಿದ್ದರೆ ಎಲ್ಲಕ್ಕಿಂತ ಒಳ್ಳೆಯದನ್ನು ಮೊದಲೇ ತೆಗೆದಿಡಿ. ನಾಲ್ಕು ಜನರ ಹೊಗಳಿಕೆಗೆ ಒಳ್ಳೆಯದನ್ನು ಕೊಟ್ಟು, ಉಳಿದದ್ದನ್ನು ಬೀಜಕ್ಕೆ ಬಿಟ್ಟರೆ, ಮುಂದೆ ಹುಟ್ಟುವುದೂ ಆ ಉಳಿದದ್ದೇ. ಕಣ್ಣಿಲ್ಲದವರು ನಮ್ಮನ್ನು ನಂಬಿ ಒಪ್ಪಿಸಿದ ಕೆಲಸವನ್ನು ಅವರು ನೋಡುತ್ತಿದ್ದಾರೆಂದೇ ತಿಳಿದು ಮಾಡಬೇಕು. ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರಾದೀತು, ಆದರೆ ಕಳೆದುಹೋದ ತಳಿ ತಿರುಗಿ ಬಾರದು.