ಪದದ ನಡುವೆ ಉಸಿರು

ಹೊಳೆಯ ದಡದಲ್ಲಿ ಮರಿದೇವಯ್ಯನವರ ಆಶ್ರಮ. ಆಶ್ರಮ ಎಂದು ಜನ ಕರೆಯುತ್ತಾರೆ ಅಷ್ಟೆ. ಎರಡು ಕೋಣೆ, ಒಂದು ಜಗಲಿ, ಮೂಲೆಯಲ್ಲಿ ಒಂದು ತಂಬೂರಿ, ಹೆಚ್ಚು ಮಾತಾಡದ ಒಬ್ಬ ಮುದುಕ.

ಒಂದು ಮಧ್ಯಾಹ್ನ ಅವರ ಹಳೆಯ ಶಿಷ್ಯೆ ವನಜಾಕ್ಷಿ ಮಗಳನ್ನು ಕರೆದುಕೊಂಡು ಬಂದಳು. ಅವರನ್ನು ಇಳಿಸಿದ ದೋಣಿ ಆಚೆ ದಡಕ್ಕೆ ವಾಪಸು ಹೋಯಿತು.

ಮೆಟ್ಟಿಲು ಹತ್ತಿ ಬಂದ ವನಜಾಕ್ಷಿ ಮೊಣಕಾಲಿನ ಮೇಲೆ ಕೈಯೂರಿ, "ಉಸ್ಸಪ್ಪಾ" ಎಂದು ಜಗಲಿಯ ಮೇಲೆ ಕೂತಳು.

ಹಿಂದೆಯೇ ಬಂದ ಮಗಳು ಮೇದಿನಿಯೂ ಮೊಣಕಾಲಿನ ಮೇಲೆ ಕೈಯೂರಿ, "ಉಸ್ಸಪ್ಪಾ" ಎಂದು ಕೂತಳು.

ಗುರುಗಳು ಹುಡುಗಿಯನ್ನೇ ನೋಡಿದರು. "ನಿನಗೆಷ್ಟಮ್ಮ ವಯಸ್ಸು?"

"ಹದಿನಾಲ್ಕು, ತಾತ."

"ಹಾಗಾದ್ರೆ ನನಗಿಂತ ಸ್ವಲ್ಪ ಚಿಕ್ಕೋಳು," ಎಂದರು.

ಮದುವೆಗೆ ಮುಂಚೆ ವನಜಾಕ್ಷಿ ಇದೇ ಜಗಲಿಯಲ್ಲಿ ಹಾಡು ಕಲಿತವಳು. ಆಮೇಲೆ ಸಂಸಾರ, ಮಗು, ಮಗುವಿನ ಬೆನ್ನಿಗೇ ತನಗೆ ಅಂಟಿಕೊಂಡ ಉಬ್ಬಸ. ಕಲಿತ ಹಾಡೆಲ್ಲ ಅಡುಗೆಮನೆಯಲ್ಲೇ ಉಳಿಯಿತು. ಮಗಳಿಗೆ ಸಂಗೀತವೆಂದರೆ ಪ್ರಾಣ ಎಂದು ಗೊತ್ತಾದ ಮೇಲೆ, ಅವಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸತೊಡಗಿದಳು. ನೆಂಟರು ಮೂಗು ಮುರಿದರು. ಅವರಿಗೆಲ್ಲ ಉತ್ತರ ಕೊಡಬೇಕೆಂಬ ಹಟವೂ ಸೇರಿಕೊಂಡಿತು. ಈಗ ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಗುರುಗಳೇ, ಇವಳಿಗಿನ್ನು ಹೈಸ್ಕೂಲು. ಆಮೇಲೆ ಸಂಗೀತದ ಕಾಲೇಜಿಗೆ ಸೇರಿಸ್ಬೇಕು. ಅಲ್ಲಿ ಹಾಡಿಸಿ ನೋಡಿಯೇ ತಗೊಳ್ಳೋದು. ಅಷ್ಟರೊಳಗೆ ಮನೆಯಲ್ಲಿ ಏನೇನು ಓದಿಸ್ಬೇಕು ಅಂತ ಕೇಳೋಕೆ ಬಂದೆ."

"ನೀನು ಏನು ಅಂದ್ಕೊಂಡಿದ್ದೀಯ?"

ಅವಳು ಏನನ್ನೂ ಬರೆದು ತಂದಿರಲಿಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವಷ್ಟು ಬಾಯಿಗೆ ಬಂದಿತ್ತು.

"ಗಣಿತ, ವಿಜ್ಞಾನ, ಸಮಾಜ ಇದ್ದೇ ಇದೆ. ಹತ್ತನೇ ಕ್ಲಾಸು ಓಪನ್ ಸ್ಕೂಲಲ್ಲಿ ಕಟ್ಟಿಸ್ತೀನಿ. ಕನ್ನಡ, ಇಂಗ್ಲಿಷು. ಹಾಡೋ ಕೃತಿಗಳ ಅರ್ಥ ಗೊತ್ತಾಗ್ಲಿ ಅಂತ ತೆಲುಗು, ಸಂಸ್ಕೃತ. ಸಂಗೀತದ ಜೂನಿಯರ್ ಪರೀಕ್ಷೆ ಆಗಿದೆ, ಸೀನಿಯರ್‌ಗೆ ಶಾಸ್ತ್ರ ಓದ್ಬೇಕು. ಕಾಲೇಜಲ್ಲಿ ಕೇಳಬಹುದು ಅಂತ ಕೀಬೋರ್ಡು. ಶಬ್ದ ಹೇಗೆ ಹುಟ್ಟುತ್ತೆ ಅನ್ನೋ ಪಾಠ ವಿಜ್ಞಾನದಲ್ಲೇ ಬರುತ್ತೆ, ಅದನ್ನ ಸ್ವಲ್ಪ ಜಾಸ್ತಿ ಮಾಡ್ಸ್ತಿದ್ದೀನಿ. ಬೆಳಗ್ಗೆ ಎದ್ದ ತಕ್ಷಣ ಪ್ರಾಣಾಯಾಮ."

"ಇಷ್ಟನ್ನೂ ಯಾರು ಹೇಳಿಕೊಡ್ತಾರೆ?"

"ನಾನೇ. ನಾನು ಓದಿದ್ದು ಆರ್ಟ್ಸ್. ಹಾಗಾಗಿ ವಿಜ್ಞಾನ ಮೊದಲು ನಾನು ಕಲ್ತ್ಕೊಂಡು ಆಮೇಲೆ ಅವಳಿಗೆ ಹೇಳ್ತೀನಿ."

"ನೀನು ಮಲಗೋದು?"

"ಅದು ಹೇಗೋ ನಡೆಯುತ್ತೆ, ಗುರುಗಳೇ."

ಗುರುಗಳು ಮೇದಿನಿಯನ್ನು ಹೊಳೆಯಿಂದ ಒಂದು ತಂಬಿಗೆ ನೀರು ತರಲು ಕಳಿಸಿದರು. ಅವಳು ಕೆಳಗಿಳಿದಳು. ವನಜಾಕ್ಷಿಯ ದನಿಯೂ ಇಳಿಯಿತು.

"ಸ್ಪರ್ಧೆಯೊಂದರಲ್ಲಿ ಹಾಡಿದ್ಳು. ಶಾರೀರ ಚೆನ್ನಾಗಿದೆ, ದಮ್ಮಿಲ್ಲ ಅಂದ್ರು ತೀರ್ಪುಗಾರರು. ಸಾಲು ಮುಗಿಸೋಕೆ ಉಸಿರು ಸಾಲಲ್ವಂತೆ. ನನ್ನ ಉಬ್ಬಸ ಅವಳಿಗೂ ಬಂತೇನೋ ಅಂತ ಡಾಕ್ಟ್ರಿಗೆ ತೋರಿಸ್ದೆ. ಏನೂ ಇಲ್ಲ ಅಂದ್ರು. ಪ್ರಾಣಾಯಾಮ ಹಾಕ್ದೆ, ಸಾಧನೆ ಜಾಸ್ತಿ ಮಾಡ್ಸ್ದೆ. ಇದ್ದ ಹಾಗೇ ಇದೆ."

ಮಗಳು ಇನ್ನೂ ಬರುತ್ತಿಲ್ಲವೆಂದು ಮೆಟ್ಟಿಲ ಕಡೆ ನೋಡಿಕೊಂಡು ಮತ್ತೆ ಹೇಳಿದಳು.

"ನಿಜ ಹೇಳ್ಲಾ, ನನಗೆ ಸಾಕಾಗಿಹೋಗಿದೆ. ನೀವೂ ದಮ್ಮಿಲ್ಲ ಅಂದ್ಬಿಟ್ರೆ ಜೂನ್‌ನಲ್ಲಿ ಶಾಲೆಗೆ ಸೇರಿಸ್ಬಿಡ್ತೀನಿ. ಸಂಗೀತ ಅಲ್ಲಿಗೆ ಮುಗೀತು. ಅವಳಿಗೆ ಇದು ಗೊತ್ತು. ಬರುವಾಗ ದಾರಿಯಲ್ಲಿ ಒಂದು ಮಾತೂ ಆಡ್ಲಿಲ್ಲ."

ಮೇದಿನಿ ನೀರು ತಂದಿಟ್ಟಳು. ಗುರುಗಳು ತಂಬೂರಿ ತೊಡೆಯ ಮೇಲಿಟ್ಟುಕೊಂಡು ಶ್ರುತಿ ಮಾಡಿದರು.

"ಹಾಡಮ್ಮ."

ಅವಳು ಕಲ್ಯಾಣಿಯಲ್ಲಿ ಒಂದು ಕೃತಿ ಹಾಡಿದಳು. ಶ್ರುತಿ ಎಲ್ಲೂ ಜಾರಲಿಲ್ಲ. ಆದರೆ ಪಲ್ಲವಿಯ ಮೊದಲ ಸಾಲಿನಲ್ಲೇ ಎರಡು ಕಡೆ ಉಸಿರು ಎಳೆದುಕೊಂಡಳು, ಎರಡನೆಯದಂತೂ ಒಂದು ಪದದ ನಟ್ಟನಡುವೆ. ಅನುಪಲ್ಲವಿಯಲ್ಲಿ ಮೇಲಿನ ಷಡ್ಜಕ್ಕೆ ಹೋಗುವ ಮುನ್ನ ಒಂದು ಕ್ಷಣ ತಡೆದು ನಿಂತು ಆಮೇಲೆ ಹತ್ತಿದಳು.

ಆ ತಡೆದದ್ದನ್ನು ಕೇಳಿದಾಗ ಗುರುಗಳ ಹುಬ್ಬು ಮೇಲೇರಿತು.

"ಸಾಕಮ್ಮ," ಎಂದು ತಂಬೂರಿ ಕೆಳಗಿಟ್ಟು ಹೊಳೆಯ ಕಡೆ ನೋಡುತ್ತ ಕೂತರು.

ವನಜಾಕ್ಷಿ ಕಾದಳು. ಅವರು ಏನೂ ಹೇಳಲಿಲ್ಲ. ಹೇಳದಿರುವುದೇ ಉತ್ತರ ಎಂದುಕೊಂಡಳು. ಅವಳಿಗೆ ಅಳುವಷ್ಟು ತ್ರಾಣವೂ ಇರಲಿಲ್ಲ.

"ನಾವು ಹೊರಡ್ತೀವಿ ಗುರುಗಳೇ. ಸಂಜೆ ಇವಳಿಗೆ ವಿಜ್ಞಾನ ಇದೆ."

ಮೇದಿನಿ ತಲೆ ತಗ್ಗಿಸಿ ಚಪ್ಪಲಿ ಹಾಕಿಕೊಂಡಳು.

"ದೋಣಿ ಆಚೆ ಇದೆಯಲ್ಲ," ಎಂದರು ಗುರುಗಳು. "ಜವರಣ್ಣ ಆ ಹುಣಸೆಮರದ ಕೆಳಗೆ ಮಲಗಿರ್ತಾನೆ. ಕೂಗಬೇಕು."

ವನಜಾಕ್ಷಿ ಕೂಗಿದಳು. ದನಿ ನೀರಿನ ಅರ್ಧಕ್ಕೂ ಹೋಗಲಿಲ್ಲ, ಕೆಮ್ಮು ಬಂತು.

"ನೀನು ಕೂಗಮ್ಮ," ಎಂದರು ಹುಡುಗಿಗೆ.

ಮೇದಿನಿ ಕೊನೆಯ ಮೆಟ್ಟಿಲಿಗೆ ಇಳಿದಳು. "ಹೇಗೆ ಕೂಗೋದು ತಾತ?"

"ಅವನಿಗೆ ಕೇಳೋ ಹಾಗೆ."

"ಓ ಜವರಣ್ಣಾ..."

ಕೂಗು ಹೊಳೆ ದಾಟಿತು. ನಡುಗಡ್ಡೆಯ ಬಂಡೆ ಮೇಲಿದ್ದ ಕೊಕ್ಕರೆ ಎದ್ದು ಹಾರಿತು. ಮರದ ಕೆಳಗೆ ಮಲಗಿದ್ದ ಜವರಣ್ಣ ಎದ್ದು ಕೂತ, ಈ ಕಡೆ ನೋಡಿದ, ತಲೆಯಿಂದ ಟವೆಲು ಬಿಚ್ಚಿ ಬೀಸಿದ. ಕೂಗು ಇನ್ನೂ ಮುಗಿದಿರಲಿಲ್ಲ.

ಮುಗಿದಾಗ ಹುಡುಗಿ ಹಿಂತಿರುಗಿ, "ಕೇಳಿಸ್ತು ಅವರಿಗೆ," ಎಂದಳು. ಏದುಸಿರು ಕೂಡ ಇರಲಿಲ್ಲ.

ವನಜಾಕ್ಷಿ ಜಗಲಿಯ ಕಂಬ ಹಿಡಿದುಕೊಂಡು ನಿಂತಿದ್ದಳು. "ಇಷ್ಟು ದಮ್ಮು ಎಲ್ಲಿತ್ತು ಇವಳಿಗೆ?"

"ಕೂಗೋದನ್ನ ನೀನು ಹೇಳಿಕೊಟ್ಟಿದ್ಯಾ?"

"ಇಲ್ಲ."

"ಸರಿ, ಕೂತ್ಕೋ. ಅದೇ ಪಲ್ಲವಿ ನೀನು ಹಾಡು."

"ನಾನಾ? ಹಾಡೋದು ಬಿಟ್ಟು ಎಷ್ಟೋ ವರ್ಷ ಆಯ್ತು."

"ದಿನಾ ಅವಳಿಗೆ ಹೇಳಿಕೊಡೋದು ಹಾಡಲ್ವಾ?"

ವನಜಾಕ್ಷಿ ಹಾಡಿದಳು. ಹಳೆಯ ಸೊಗಸು ಇನ್ನೂ ಅಲ್ಲೇ ಇತ್ತು. ಸಾಲಿನ ಅರ್ಧಕ್ಕೆ ಎದೆ ಹಿಡಿಯಿತು, ಉಸಿರು ತೆಗೆದುಕೊಂಡಳು. ಮುಂದೆ ಹೋದಳು, ಮತ್ತೆ ಹಿಡಿಯಿತು. ಪದವೊಂದರ ನಟ್ಟನಡುವೆ ಮತ್ತೆ ಉಸಿರೆಳೆದಳು.

ಮೆಟ್ಟಿಲ ಮೇಲೆ ಸುಮ್ಮನೆ ಕೂತು ಕೇಳುತ್ತಿದ್ದ ಮೇದಿನಿಯೂ ಅದೇ ಜಾಗದಲ್ಲಿ ಉಸಿರೆಳೆದಳು.

ವನಜಾಕ್ಷಿ ಹಾಡು ನಿಲ್ಲಿಸಿದಳು. ಮಗಳನ್ನು ನೋಡಿದಳು. ಆಗ ಅವಳಿಗೆ ಅಳು ಬಂತು.

"ನಾನೇ ಕೆಡಿಸ್ದೆ."

"ಅಮ್ಮ, ಅದು ಹಾಡಲ್ಲೇ ಇದೆ ಅಂತ ನನಗನಿಸಿತ್ತು," ಎಂದಳು ಮೇದಿನಿ. "ಅಲ್ಲಿ ಉಸಿರು ತಗೊಳ್ದೇ ಇದ್ರೆ ನೀನು ಬೈತೀಯ ಅಂದ್ಕೊಂಡಿದ್ದೆ."

"ಕೆಡಿಸೋದೇನು ಬಂತು?" ಎಂದರು ಗುರುಗಳು. "ಒಳ್ಳೆ ಶಿಷ್ಯೆ. ಕೊಟ್ಟಿದ್ದನ್ನ ಒಂದು ಹನಿಯೂ ಚೆಲ್ಲದ ಹಾಗೆ ತಗೊಂಡಿದ್ದಾಳೆ. ಅಷ್ಟು ಜೋಪಾನವಾಗಿ ತಗೊಂಡೋಳು ಇನ್ನೊಬ್ಬಳಿದ್ಳು. ವನಜಾಕ್ಷಿ, ಅನುಪಲ್ಲವಿಯಲ್ಲಿ ಮೇಲಿನ ಷಡ್ಜಕ್ಕೆ ಮುಂಚೆ ಇವಳು ತಡೆದು ನಿಲ್ತಾಳಲ್ಲ, ಅದನ್ನ ಯಾಕೆ ಹೇಳಿಕೊಟ್ಟೆ ನೀನು?"

ವನಜಾಕ್ಷಿ ಕಣ್ಣೊರೆಸಿಕೊಂಡಳು. "ಅದು ನೀವು ಹೇಳಿಕೊಟ್ಟಿದ್ದು. ನಿಮ್ಮ ಹಾಡಲ್ಲಿ ನನಗೆ ತುಂಬಾ ಇಷ್ಟವಾದ ಜಾಗ."

"ಆ ವರ್ಷ ನನಗೆ ದವಡೆ ಹಲ್ಲುನೋವು. ಬಾಯಿ ಪೂರ್ತಿ ತೆಗೆಯೋಕೆ ಭಯ. ಅದಕ್ಕೇ ತಡೀತಿದ್ದೆ. ಹಲ್ಲು ಕಿತ್ತು ಎಸೆದು ಯಾವ ಕಾಲವಾಯ್ತೋ. ನೋವು ಇನ್ನೂ ನಿಮ್ಮ ಮನೇಲಿದೆ."

ಮೇದಿನಿ ನಕ್ಕಳು. ವನಜಾಕ್ಷಿಗೂ ಅಳುವಿನ ನಡುವೆಯೇ ನಗು ಬಂತು.

"ಹಾಗಾದ್ರೆ ಶಾಲೆಗೆ ಸೇರಿಸೋದು ಬೇಡ್ವಾ?"

"ವಾರಕ್ಕೊಂದು ಸಲ ಇಲ್ಲಿಗೆ ಕಳಿಸು. ವಾಪಸು ಹೋಗುವಾಗ ಜವರಣ್ಣನ್ನ ಅವಳೇ ಕೂಗಲಿ. ಇನ್ನೂ ನಾಲ್ಕು ಜನ ಹಾಡೋದನ್ನ ಕೇಳಿಸು. ನಾನೊಬ್ಬನೇ ಆದ್ರೆ ಈಗ ಮಂಡಿನೋವು ಕಲೀತಾಳೆ."

"ನಾನು ಹೇಳಿಕೊಡೋದು?"

"ಗಣಿತ ಹೇಳಿಕೊಡು. ಅದಕ್ಕೆ ದಮ್ಮು ಕಟ್ಟಬೇಕಾಗಿಲ್ಲ."

"ಪ್ರಾಣಾಯಾಮ?"

"ಬಿಡು."

"ತೆಲುಗು?"

"ಇರಲಿ."

"ಕೀಬೋರ್ಡು?"

"ಅದನ್ನ ಅವಳನ್ನ ಕೇಳು."

ವನಜಾಕ್ಷಿ ಮಗಳ ಕಡೆ ತಿರುಗಿದಳು. ಇಷ್ಟು ದಿನದಲ್ಲಿ ಈ ಒಂದು ಕೆಲಸ ಮಾತ್ರ ಅವಳಿಗೆ ಹೊಳೆದಿರಲಿಲ್ಲ.

"ಬೇಡ ಅಮ್ಮ," ಎಂದಳು ಮೇದಿನಿ. "ಶಬ್ದದ ಪಾಠ ಇರಲಿ. ಅದು ನನಗೆ ಇಷ್ಟ."

ದೋಣಿ ದಡಕ್ಕೆ ಬಂದು ತಾಗಿತು. "ಯಾರವ್ವ ಅಂಗೆ ಕೂಗಿದ್ದು? ನಮ್ಮೂರೇ ಎದ್ದು ಕುಂತ್ಕಂತು," ಎಂದ ಜವರಣ್ಣ. ಮೇದಿನಿಯ ಮುಖ ಕೆಂಪಾಯಿತು.

ವನಜಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮನೆಗೆ ಹೋಗಿ ಒಲೆ ಹಚ್ಚಬೇಕು, ವಿಜ್ಞಾನದ ಪುಸ್ತಕ ತೆಗೆಯಬೇಕು. ಮೊಣಕಾಲಿನ ಮೇಲೆ ಕೈಯೂರಿ, "ಉಸ್ಸಪ್ಪಾ" ಎಂದು ಎದ್ದಳು.

"ಉಸ್ಸಪ್ಪಾ" ಎಂದು ಮಗಳೂ ಎದ್ದಳು.

ಈ ಸಲ ಅದು ವನಜಾಕ್ಷಿಯ ಕಿವಿಗೆ ಬಿತ್ತು. ಎದ್ದವಳು ಅಲ್ಲೇ ನಿಂತಳು. ಹದಿನಾಲ್ಕು ವರ್ಷದ ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು, ತನ್ನ ಹಾಗೆಯೇ ಒಂದು ಪಕ್ಕಕ್ಕೆ ವಾಲಿಕೊಂಡು ನಿಂತಿದ್ದಳು.

"ಗುರುಗಳೇ," ಎಂದಳು ಮೆಲ್ಲಗೆ. "ಇದಕ್ಕೆ ಯಾವ ಪಾಠ ಇಡ್ಲಿ?"

ಗುರುಗಳು ಒಳಗೆ ಹೋಗಿ ಒಂದು ಚಾಪೆ, ಒಂದು ದಿಂಬು ತಂದರು. ಗಾಳಿ ಬರುವ ಕಡೆ ಜಗಲಿಯ ಮೇಲೆ ಚಾಪೆ ಹಾಸಿ, ದಿಂಬನ್ನು ಎರಡು ಸಲ ತಟ್ಟಿ ಇಟ್ಟರು. ಜವರಣ್ಣನಿಗೆ ಹೊತ್ತು ಇಳಿದ ಮೇಲೆ ಬಾ ಎಂದು ಕೈಸನ್ನೆ ಮಾಡಿದರು.

"ಆದ್ರೆ ಸಂಜೆ ವಿಜ್ಞಾನ..." ಎಂದಳು ವನಜಾಕ್ಷಿ.

"ಮಲಗು," ಎಂದರು ಗುರುಗಳು. "ಅದನ್ನೂ ನೋಡಿ ಕಲೀಲಿ."