ಲಮಾರಾ ಬಿಡಿಸದ ಹಕ್ಕಿಗಳು

ಹರಿಹರದ ಹೊಳೆದಂಡೆಯಲ್ಲಿ ಬಡಿಗೇರ ಮಾಸ್ತರರ ಡಿಸೈನ್ ಸ್ಟುಡಿಯೊ ಇತ್ತು. ಎರಡು ಕೋಣೆ, ಮೂರು ಮೇಜು. ಮುಬೀನಾ ಅಲ್ಲಿ ನಾಲ್ಕು ವರ್ಷದಿಂದ ಕಲಿಯುತ್ತಿದ್ದಳು.

ಆ ವರ್ಷ ಅವರು ಜಾರ್ಜಿಯಾ ದೇಶದ ಒಂದು ಸಣ್ಣ ಸ್ಟುಡಿಯೊ ಜೊತೆ ಸೇರಿ ಮಕ್ಕಳ ಪುಸ್ತಕ ಮಾಡುತ್ತಿದ್ದರು. ಎರಡೂ ಊರಿನ ಹೊಳೆಹಕ್ಕಿಗಳು, ಒಂದೇ ಉದ್ದನೆಯ ಹಾಳೆಯ ಮೇಲೆ. ಅಲ್ಲಿ ಲಮಾರಾ ಎಂಬ ಹಿರಿಯ ಕಲಾವಿದೆ ಒಂದಿಷ್ಟು ಹಕ್ಕಿ ಬಿಡಿಸಿ ಹಾಳೆಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಇಲ್ಲಿ ಮುಬೀನಾ ಒಂದಿಷ್ಟು ಬಿಡಿಸಿ ಹಿಂದಿರುಗಿಸುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ.

ಹಾಳೆ ಹರಿಹರದಲ್ಲಿದ್ದಾಗ ಲಮಾರಾ ತೀರಿಕೊಂಡ ಸುದ್ದಿ ಬಂತು. ಅವರ ಪಾಲಿನ ಆರು ಜಾಗ ಇನ್ನೂ ಖಾಲಿ ಇದ್ದವು.

ಮುಬೀನಾ ಲಮಾರಾ ಅವರ ಹಳೆಯ ಹಕ್ಕಿಗಳನ್ನೆಲ್ಲ ಮುಂದಿಟ್ಟುಕೊಂಡು ಕೂತಳು. ಅವರ ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು, ವಯಸ್ಸಾದ ಕೈ ಎಲ್ಲಿ ಚೂರು ನಡುಗುತ್ತದೆ, ಎಲ್ಲ ಕಲಿತಳು. ಆಮೇಲೆ ಆರು ಹಕ್ಕಿ ಬಿಡಿಸಿದಳು.

ಮಾಸ್ತರರು ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಈ ಆರನ್ನ ಅವರು ಯಾವಾಗ ಬಿಡಿಸಿದ್ದರು?"

"ನಾನೇ ಬಿಡಿಸಿದ್ದು, ಸರ್. ಗೊತ್ತಾಗಲ್ಲ, ಅಲ್ವಾ?"

"ನನಗೂ ಗೊತ್ತಾಗಲಿಲ್ಲ. ಅವರ ಮನೆಯವರಿಗೆ ಹೇಳಿದೀಯಾ?"

"ಹೇಳ್ತೀನಿ."

ಹೇಳಲಿಲ್ಲ. ಹಾಳೆಯನ್ನು ಕಳಿಸಿಬಿಟ್ಟಳು.

ಒಂದು ತಿಂಗಳಾದ ಮೇಲೆ ಲಮಾರಾ ಅವರ ಮಗಳು ಏಕಾ ಪತ್ರ ಬರೆದಳು. 'ಕೊನೆಯ ಆರು ಹಕ್ಕಿಗಳನ್ನು ನಾನು ನೋಡಿರಲಿಲ್ಲ. ಅಮ್ಮ ನನಗೆ ತೋರಿಸದೆ ಯಾವಾಗ ಬಿಡಿಸಿದಳೋ! ಒಂದು ಕೊಕ್ಕರೆಯ ಕತ್ತಿನಲ್ಲಿ ಅವಳ ಕೈ ನಡುಗಿದೆ. ದಿನಾ ಅಲ್ಲಿ ಬೆರಳಿಟ್ಟು ನೋಡುತ್ತೇನೆ.'

ಮುಬೀನಾ ಆ ದಿನ ಊಟ ಮಾಡಲಿಲ್ಲ. ಸಂಜೆ ಮಾಸ್ತರರ ಮೇಜಿನ ಮುಂದೆ ಬಂದು ನಿಂತಳು.

"ಹೇಳಿದರೆ ಅವಳ ಹತ್ತಿರ ಇರೋದನ್ನೂ ಕಿತ್ತುಕೊಂಡ ಹಾಗಾಗುತ್ತೆ. ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಏನು ಮಾಡಲಿ, ಸರ್?"

"ಅವಳ ಪತ್ರಕ್ಕೆ ಉತ್ತರ ಬರೀಬೇಕಲ್ಲ?"

"ಹೌದು."

"ಅದನ್ನ ಯಾರ ಕೈಬರಹದಲ್ಲಿ ಬರೀತೀಯ?"

ಮುಬೀನಾ ನಿಜ ಬರೆದಳು. ಒಂದೇ ಪುಟ. ಕ್ಷಮೆಯನ್ನು ಒಂದೇ ಸಲ ಕೇಳಿದಳು.

ಏಳು ವಾರ ಉತ್ತರ ಇಲ್ಲ. ಪುಸ್ತಕ ನಿಂತೇ ಹೋಯಿತು ಎಂದು ಅವಳು ಅಂದುಕೊಂಡಳು. ಮಾಸ್ತರರು ಒಂದು ಬೀಜದ ಕಂಪನಿಯ ಚೀಲಕ್ಕೆ ಚಿತ್ರ ಮಾಡುವ ಕೆಲಸ ಕೊಟ್ಟರು. ಅವಳು ಮಾಡಿದಳು.

ಎಂಟನೆಯ ವಾರ ಹಾಳೆ ವಾಪಸ್ ಬಂತು. ಆ ಆರು ಹಕ್ಕಿಗಳ ಮೇಲೆ ಬಿಳಿ ಬಣ್ಣ ಬಳಿದಿತ್ತು. ಉಳಿದ ಯಾವ ಹಕ್ಕಿಗೂ ಒಂದು ಹನಿ ತಾಗಿರಲಿಲ್ಲ. ಜೊತೆಗೆ ಚೀಟಿ ಇತ್ತು.

'ನಿನ್ನ ಮೇಲೆ ಸಿಟ್ಟು ಬಂತು. ಈಗಲೂ ಸ್ವಲ್ಪ ಇದೆ. ಅಷ್ಟೂ ಹಕ್ಕಿ ತನ್ನ ಗೆರೆಯಲ್ಲೇ ಇರಬೇಕು ಅಂತಿದ್ದರೆ ಅಮ್ಮ ಒಬ್ಬಳೇ ಬಿಡಿಸುತ್ತಿದ್ದಳು, ಹಾಳೆಯನ್ನು ಅಷ್ಟು ದೂರ ಕಳಿಸುತ್ತಿರಲಿಲ್ಲ. ಆ ಆರನ್ನು ನೀನು ನಿನ್ನ ಹಾಗೆ ಬಿಡಿಸು.'

ಮುಬೀನಾ ಅದೇ ದಿನ ಕುಂಚ ಹಿಡಿದಳು. ಬೇರೆ ಕಾಗದದ ಮೇಲೆ ಒಂದು ಮಿಂಚುಳ್ಳಿ ಬಿಡಿಸಿದಳು. ಅದರ ಗೆರೆ ಲಮಾರಾ ಅವರದ್ದಾಗಿತ್ತು. ಹರಿದಳು. ಇನ್ನೊಂದು ಬಿಡಿಸಿದಳು. ಅದೂ ಅವರದ್ದೇ.

ಮೂರನೆಯ ದಿನ ಅವಳು ಕುಂಚ ಕೆಳಗಿಟ್ಟಳು. ಕಣ್ಣು ಕೆಂಪಾಗಿತ್ತು.

"ಸರ್, ನನ್ನ ಗೆರೆ ಹೇಗಿತ್ತು ಅಂತ ಕೈಗೆ ಮರೆತೇ ಹೋಗಿದೆ."

ಮಾಸ್ತರರು ಹರಿದ ಕಾಗದಗಳನ್ನು ಒಂದೊಂದಾಗಿ ಎತ್ತಿ ನೋಡಿದರು.

"ಅವರ ಕೈ ಕಲಿಯೋಕೆ ಎಷ್ಟು ದಿನ ಹಿಡೀತು?"

"ಹದಿನೇಳು ದಿನ."

ಮಾಸ್ತರರು ಅವಳ ಮುಂದೆ ಒಂದು ಕಟ್ಟು ಖಾಲಿ ಕಾಗದ ಇಟ್ಟರು.

"ನಿನ್ನದು ಅಷ್ಟು ಸುಲಭ ಅಲ್ಲ."